ನೀಲಿಯನ್ನು ಕಪ್ಪು ಎನ್ನುವ ಬಲ್ಬು

ಬೆಳಗಾಗುವ ಮೊದಲು ಅವಳು ಮಾಡಿ ಮುಗಿಸುವ ಕೆಲಸಗಳು ಇಷ್ಟು: ನಲ್ಲಿಯ ಮೊದಲ ಗೊರಗೊರಕ್ಕೇ ಎದ್ದು ಬಿಂದಿಗೆಗಳನ್ನು ತುಂಬಿಸುವುದು, ಹಿಂದಿನ ರಾತ್ರಿಯ ಪಾತ್ರೆಗಳನ್ನು ಒಂದಕ್ಕೊಂದು ತಾಗದ ಹಾಗೆ, ತಾಗಿದರೂ ಸದ್ದಾಗದ ಹಾಗೆ ತಿಕ್ಕುವುದು, ಒಲೆಯ ಒಂದು ಕಡೆ ಹಾಲು, ಇನ್ನೊಂದು ಕಡೆ ಅತ್ತೆಯ ಸ್ನಾನಕ್ಕೆ ನೀರು ಇಡುವುದು, ಹಾಲಿನ ಮೇಲೊಂದು ಕಣ್ಣಿಟ್ಟುಕೊಂಡೇ ನೆಲ ಗುಡಿಸುವುದು, ಅತ್ತೆ ಕಣ್ಣು ಬಿಡುವುದನ್ನೇ ಕಾದು ಔಷಧದ ಹನಿ ಹಾಕುವುದು, ನೆನೆಸಿಟ್ಟ ಬಟ್ಟೆ ಹಿಂಡುವುದು, ಒಣಗಿದ್ದನ್ನು ಮಡಚುವುದು, ರಾತ್ರಿ ಪಾಳಿ ಮುಗಿಸಿ ಬರುವ ಗಂಡನಿಗೆಂದು ಹೊದಿಕೆ ಕೊಡವಿ, ಮುಂದಿನ ಕೋಣೆಯ ಕಿಟಕಿಗೆ ಪರದೆ ಎಳೆದು, ಪರದೆಯ ಎರಡು ಅಂಚುಗಳನ್ನು ಪಿನ್ನು ಹಾಕಿ ಸೇರಿಸುವುದು. ಕೊನೆಯದು ಕೇಳಲಿಕ್ಕೆ ಸಣ್ಣ ಕೆಲಸ. ಆದರೆ ಆ ಮನೆಯಲ್ಲಿ ಬೀದಿಯ ಕಡೆಗೆ ತೆರೆಯುವ ಕಿಟಕಿ ಅದೊಂದೇ.

ಇಷ್ಟಾದ ಮೇಲೆ, ಗಂಡನ ಸೈಕಲ್ಲಿನ ಸದ್ದು ಕೇಳುವುದರೊಳಗೆ, ಒಂದು ತುಣುಕು ಹೊತ್ತು ಉಳಿಯುತ್ತದೆ. ಯಾರೂ ಅವಳನ್ನು ಏನೂ ಕೇಳದ ಹೊತ್ತು. ಆಗ ಅವಳು ಪ್ಯಾಸೇಜಿನಲ್ಲಿ, ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ, ತನ್ನ ಮೇಜಿಗೆ ಕೂರುತ್ತಾಳೆ. ಮೇಜೆಂದರೆ ಹಳೆಯ ಹೊಲಿಗೆ ಯಂತ್ರ ಮಾರಿದ ಮೇಲೆ ಉಳಿದ ಕಬ್ಬಿಣದ ಕಾಲುಗಳ ಮೇಲೆ ಒಂದು ಹಲಗೆ. ಅದರ ಮೇಲೆ ಸೂಜಿಯ ಡಬ್ಬಿ, ನೂಲುಂಡೆಗಳ ಬುಟ್ಟಿ, ಒಂದು ಭೂತಗನ್ನಡಿ. ಬೀದಿಯವರಿಗೆಲ್ಲ ಅವಳು ರಫೂ ಅಕ್ಕ.

ರಫೂ ಎಂದರೆ ತೇಪೆಯಲ್ಲ. ತೇಪೆ ಹಾಕಿದರೆ ಹರಿದದ್ದು ಕಾಣುತ್ತದೆ. ಇಲ್ಲಿ ಬಟ್ಟೆಯ ನೇಯ್ಗೆ ಹೇಗಿದೆಯೋ ಹಾಗೆಯೇ ಒಂದೊಂದು ಎಳೆಯನ್ನು ಮೇಲೆ ಕೆಳಗೆ ಹಾಯಿಸಿ, ತೂತು ಇತ್ತೆಂಬುದೇ ಸುಳ್ಳು ಎನ್ನುವ ಹಾಗೆ ಮುಚ್ಚಬೇಕು. ಚೆನ್ನಾಗಿ ಮಾಡಿದರೆ ಮಾಡಿದ್ದೇ ಗೊತ್ತಾಗುವುದಿಲ್ಲ. ಈ ವಿಷಯದಲ್ಲಿ ರಫೂ ಕೆಲಸಕ್ಕೂ ಮನೆಗೆಲಸಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದಕ್ಕೆ ಕೂಲಿ ಇದೆ ಅನ್ನುವುದಷ್ಟೇ.

ಕೆಲಸ ಕಲಿಸಿದ್ದು ದೊಡ್ಡಮ್ಮ. ಆಕೆ ಅಂಗಳದಲ್ಲಿ ಕೂತು ಬದುಕಿದವಳು. ಸೂರ್ಯ ಎತ್ತ ಹೋದರೆ ಚಾಪೆಯನ್ನೂ ಅತ್ತ ಎಳೆದುಕೊಳ್ಳುತ್ತಿದ್ದಳು. ಸೂಜಿ ಹಿಡಿಯುವುದು, ಎಳೆ ಬಿಡಿಸುವುದು, ಕೊನೆಯ ಎಳೆ ಹಾಯಿಸುವಾಗ ಉಸಿರು ಬಿಗಿಹಿಡಿಯುವುದು, ಎಲ್ಲ ಕಲಿಸಿದಳು. ಬೆಳಕನ್ನು ಕೊಳ್ಳುವುದು ಮಾತ್ರ ಕಲಿಸಲಿಲ್ಲ. ಆಗ ಬೆಳಕು ಪುಕ್ಕಟೆ, ಅಂಗಳ ಇತ್ತು, ಚಾಪೆ ಎಳೆದುಕೊಂಡು ಕೂರುವಷ್ಟು ಹೊತ್ತೂ ಇತ್ತು. ದೊಡ್ಡಮ್ಮನಿಗೆ ಮದುವೆಯಾಗಿರಲಿಲ್ಲ.

ರಫೂ ಅಕ್ಕನ ಮೇಜಿನ ಮೇಲಿದ್ದದ್ದು ಮೈದುನ ಹಾಕಿಕೊಟ್ಟ ಬಿಳಿ ಬಲ್ಬು. "ಕರೆಂಟು ತಿನ್ನೋದೇ ಇಲ್ಲ ಅತ್ತಿಗೆ, ಇದು ಉಪವಾಸದ ಬಲ್ಬು," ಎಂದು ಹೇಳಿ, ಏಣಿಯಿಂದ ಇಳಿದು, ಕಾಫಿ ಕುಡಿದು ಹೋಗಿದ್ದ. ಅದು ಬಂದ ಮೇಲೆ ಅವಳಿಗೆ ಬೆಳಗಿನ ಹೊತ್ತು ಹಣೆಯ ಎರಡೂ ಬದಿ ಸಣ್ಣಗೆ ನೋವು ಶುರುವಾಗಿತ್ತು. ಹಸಿವಿರಬೇಕು ಅಂದುಕೊಂಡಿದ್ದಳು.

ಒಂದು ದಿನ ಲಾಂಡ್ರಿಯಿಂದ ಕರೆ ಬಂತು. ಅವಳಿಗೆ ಕೆಲಸ ಕೊಡುತ್ತಿದ್ದದ್ದು ಆ ಲಾಂಡ್ರಿಯೇ. ಅದರ ಒಡತಿ ಲಾಂಡ್ರಿಯಮ್ಮ, ಇಸ್ತ್ರಿಪೆಟ್ಟಿಗೆಯ ಹಾಗೆ ಭಾರವಾದ, ಬಿಸಿಯಾದ, ಆದರೆ ಸುಕ್ಕು ತೆಗೆಯುವ ಹೆಂಗಸು.

"ಒಳಗೆ ಬರಬೇಡ, ಅಲ್ಲೇ ಬಿಸಿಲಲ್ಲಿ ನಿಲ್ಲು," ಎಂದು ಆಕೆ ಒಂದು ಕೋಟು ಎತ್ತಿಕೊಂಡು ತಾನೇ ಹೊರಗೆ ಬಂದಳು. "ಇದೇನು ಹೇಳು."

"ಕೋಟು."

"ಅಷ್ಟು ನನಗೂ ಗೊತ್ತು ತಾಯಿ. ಈ ಮೊಣಕೈ ನೋಡು."

ರಫೂ ಅಕ್ಕ ನೋಡಿದಳು. ಕಪ್ಪು ಕೋಟಿನ ಮೊಣಕೈಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ನೀಲಿ. ಒಂದು ಎಳೆಯೂ ತಪ್ಪಿರಲಿಲ್ಲ, ನೇಯ್ಗೆ ನೇಯ್ಗೆಗೆ ಕೂಡಿತ್ತು. ಅದೇ ಹೆಚ್ಚಿನ ಅವಮಾನ: ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಪ್ರೀತಿಯಿಂದ ತಪ್ಪು ಬಣ್ಣ.

"ವಕೀಲರು ಇದನ್ನೇ ಹಾಕಿಕೊಂಡು ಕೋರ್ಟಿಗೆ ಹೋಗಿದ್ದಾರೆ. ಎದುರು ಪಕ್ಷದ ವಕೀಲ 'ಸಾರ್, ನಿಮ್ಮ ಪೆನ್ನು ಸೋರ್ತಾ ಇದೆ' ಅಂದನಂತೆ. ಕೇಸು ಸೋತಿದ್ದೂ ಅದಕ್ಕೇ ಅಂತ ನನ್ನ ಮೇಲೆ ಎಗರಾಡಿ ಹೋದರು."

"ಕೋಟಿನದೇ ನೂಲು ಹಾಕೋಣ ಅಂದರೆ ಒಳಮಡಿಕೆಯಲ್ಲಿ ಎಳೆಯೋಕೆ ಏನೂ ಉಳಿದಿರಲಿಲ್ಲ ಅಕ್ಕಾ. ನನ್ನ ಬುಟ್ಟಿಯಿಂದ ಕಪ್ಪು ಹುಡುಕಿ ಹಾಕಿದೆ. ಕಪ್ಪೇ ಅದು. ನಾನು ನೋಡಿದಾಗ ಕಪ್ಪೇ ಇತ್ತು."

"ನೀನು ಎಲ್ಲಿ ನೋಡಿದೆ?"

ರಫೂ ಅಕ್ಕ ಆ ನೀಲಿಯ ಮೇಲೆ ಬೆರಳಾಡಿಸಿದಳು.

ಲಾಂಡ್ರಿಯಮ್ಮ ಧ್ವನಿ ಇಳಿಸಿದಳು. "ನೋಡು, ಬಾಡಿಗೆ ಕೋಟಿನ ಅಂಗಡಿಯವರು ಬಂದಿದ್ದರು. ಕೋಟು ತಗೊಂಡು ಹೋದವರಲ್ಲಿ ಒಬ್ಬ ಸಿಗರೇಟು ತಾಗಿಸಿಕೊಂಡು ಬರ್ತಾನೆ, ಇನ್ನೊಬ್ಬ ಮೊಳೆಗೆ ಸಿಕ್ಕಿಸಿಕೊಂಡು ಬರ್ತಾನೆ. ವರ್ಷವಿಡೀ ಕೆಲಸ. ನಿನ್ನ ಹೆಸರು ಹೇಳೋಣ ಅಂತಿದ್ದೆ."

'ಅಂತಿದ್ದೆ' ಎಂಬ ಮಾತು ಮೊಣಕೈಯ ನೀಲಿಗಿಂತ ಹೆಚ್ಚು ಚುಚ್ಚಿತು. ಬಿಡಿ ಬಿಡಿಯಾಗಿ ಬರುವ ಕೆಲಸದಿಂದ ಕೈಖರ್ಚು ನಡೆಯುತ್ತದೆ. ವರ್ಷವಿಡೀ ಬರುವ ಕೆಲಸಕ್ಕೆ ಬೇರೆ ಹೆಸರಿದೆ. ಅದನ್ನು ಉದ್ಯೋಗ ಎನ್ನುತ್ತಾರೆ. 'ಸುಮ್ಮನೆ ಕೂತಿರ್ತಾಳೆ, ಏನೋ ಹೊಲೀತಾಳೆ' ಎನ್ನುವವರ ಬಾಯಿಗೆ ಅದೊಂದೇ ಬೀಗ.

"ಒಂದು ಕೋಟು ಕೊಡಿ ಅಕ್ಕಾ. ಒಂದೇ ಒಂದು."

ಲಾಂಡ್ರಿಯಮ್ಮ ಅವಳ ಮುಖವನ್ನೇ ನೋಡಿ ಒಳಗೆ ಹೋಗಿ, ಒಂದು ಕಡುನೀಲಿ ಕೋಟು ತಂದು ಅವಳ ತೋಳಿಗೆ ಹಾಕಿದಳು. ಎದೆಯ ಮೇಲೇ ಸಿಗರೇಟಿನ ತೂತು. "ಶನಿವಾರಕ್ಕೆ ಬೇಕು. ಸರಿಹೋದರೆ ಅವರ ಕೆಲಸ ನಿನಗೆ. ಇಲ್ಲಾಂದ್ರೆ ಮಾರ್ಕೆಟ್ಟಿನ ಮೆಷಿನ್‌ನವನಿಗೆ. ಅವನು ಚಂದ ಮಾಡಲ್ಲ. ಆದರೆ ಅವನ ಅಂಗಡಿಗೆ ಬಾಗಿಲೇ ಇಲ್ಲ, ಬೀದಿಯಲ್ಲೇ ಕೂತಿರ್ತಾನೆ. ಬಣ್ಣ ತಪ್ಪಲ್ಲ."

ದಾರಿಯುದ್ದಕ್ಕೂ ಅವಳು ಒಂದನ್ನೇ ಯೋಚಿಸಿದಳು: ಕಣ್ಣು ಹೋಯಿತು.

ಮನೆಯಲ್ಲಿ ಗಂಡ ಪರದೆಯ ಹಿಂದೆ ಮಲಗಿದ್ದ. ಕೋಲ್ಡ್ ಸ್ಟೋರೇಜಿನ ಯಂತ್ರಗಳನ್ನು ರಾತ್ರಿಯಿಡೀ ಕಾಯುವವನಿಗೆ ಹಗಲೇ ರಾತ್ರಿ. ಅವನದೇನೂ ತಪ್ಪಿಲ್ಲ. ಆದರೆ ಅವನ ನಿದ್ದೆಯ ಜೊತೆಗೆ ಇಡೀ ಮನೆಯ ಹಗಲೂ ಮಲಗಿಬಿಡುತ್ತದೆ. ಅತ್ತೆ ಪ್ಯಾಸೇಜಿನಲ್ಲಿ ಗೋಡೆಗೆ ಒರಗಿ ಕೂತು, ಬಲಗಣ್ಣಿನಿಂದ ಗಡಿಯಾರ ನೋಡುತ್ತಿದ್ದರು. ಬಲಗಣ್ಣಿನ ಪೊರೆ ತೆಗೆಸಿ ಹೆಚ್ಚು ದಿನವಾಗಿರಲಿಲ್ಲ. ಎಡಗಣ್ಣಿನ ಸರದಿ ಇನ್ನೂ ಬಂದಿರಲಿಲ್ಲ.

"ಅತ್ತೆ, ಕಣ್ಣು ಹೋಯಿತು," ಎಂದಳು ಪಿಸುದನಿಯಲ್ಲಿ.

"ಯಾರದು?"

"ನನ್ನದೇ."

"ನಿನ್ನದಾ? ನಿನ್ನೆ ನನ್ನ ತಲೆಯಲ್ಲಿ ಉಳಿದಿದ್ದ ಒಂದೇ ಒಂದು ಕಪ್ಪು ಕೂದಲನ್ನ ಹುಡುಕಿ ತೋರಿಸಿದೆಯಲ್ಲ, ಅದೇನು ಮೂಗಿಂದ ನೋಡಿದೆಯಾ?"

ನಡೆದದ್ದನ್ನೆಲ್ಲ ಹೇಳಿದಳು. ಮೊಣಕೈಗೆ ಹಾಕಿದ ಅದೇ ನೂಲುಂಡೆಯನ್ನು ಬುಟ್ಟಿಯಿಂದ ತೆಗೆದು ಬಲ್ಬಿನ ಕೆಳಗೆ ಹಿಡಿದಳು. ಅತ್ತೆಗೆ ಇದು ಸಿನಿಮಾಕ್ಕಿಂತ ಹೆಚ್ಚು ಇಷ್ಟವಾಯಿತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು. "ಕಪ್ಪು." ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರು. "ಇದಕ್ಕೂ ಕಪ್ಪೇ."

"ಬನ್ನಿ," ಎಂದು ಅವರ ಕೈ ಹಿಡಿದು ಹಿಂಬಾಗಿಲಿಗೆ ಕರೆದೊಯ್ದಳು. ಹಿಂಬಾಗಿಲ ಆಚೆ ಎರಡು ಗೋಡೆಗಳ ನಡುವೆ ಒಂದು ಸಂದಿ. ನೆತ್ತಿಯ ಮೇಲೆ ಸೂರ್ಯ ಬಂದಾಗ ಮಾತ್ರ ಅಲ್ಲಿಗೆ ಒಂದು ಪಟ್ಟಿ ಬೆಳಕು ಇಳಿಯುತ್ತದೆ. ಆ ಪಟ್ಟಿಯೊಳಗೆ ನೂಲುಂಡೆ ಹಿಡಿದಳು. ಅವಳಿಗೇ ಕಂಡಿತು. ನೀಲಿ. ಯಾರು ನೋಡಿದರೂ ನೀಲಿ.

ಅತ್ತೆ ಮತ್ತೆ ಒಂದೊಂದೇ ಕಣ್ಣು ಮುಚ್ಚಿದರು. "ಹಳೇ ಕಣ್ಣಿಗೆ ಈಗಲೂ ಕಪ್ಪು. ಹೊಸ ಕಣ್ಣಿಗೆ... ಅಯ್ಯೋ ಇವಳೇ, ಶಾಯಿ ಇದು!" ಹೊಸ್ತಿಲ ಮೇಲೆ ಕೂತು ಒಂದು ಕ್ಷಣ ಲೆಕ್ಕ ಹಾಕಿದರು. "ಹಾಗಾದರೆ ಈ ಮನೆಯಲ್ಲಿ ಪೊರೆ ಬಂದಿರೋದು ಎರಡಕ್ಕೆ. ನನ್ನ ಎಡಗಣ್ಣಿಗೊಂದು, ಆ ಬಲ್ಬಿಗೊಂದು. ನನ್ನದಕ್ಕೆ ಡಾಕ್ಟರು ದಿನ ಕೊಟ್ಟಿದ್ದಾರೆ. ಅದಕ್ಕೆ ಯಾವಾಗ?"

ರಫೂ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುವಾಗಲೂ ಆ ಮನೆಯಲ್ಲಿ ಹಗಲು ಹೊತ್ತು ಸದ್ದು ಮಾಡುವಂತಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿದಿತ್ತು. ಕಣ್ಣು ಕೆಟ್ಟರೆ ಏನು ಮಾಡುವುದು? ಬಲ್ಬು ಕೆಟ್ಟದ್ದಾದರೆ ಬದಲಾಯಿಸಬಹುದು.

ಸಂಜೆ ಗಂಡ ಎದ್ದು ಮುಖ ತೊಳೆದು ಬಂದಾಗ ವಿಷಯ ಎತ್ತಿದಳು.

"ಬೆಳಕು ಸಾಲದಾ? ಮೊದಲೇ ಹೇಳೋದಲ್ವಾ," ಎಂದ. ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ಇಲ್ಲ ಅನ್ನುವವನಲ್ಲ. ಕೇಳುವವರೆಗೆ ಅವನಿಗೆ ಏನೂ ಕಾಣುವುದಿಲ್ಲ ಅನ್ನುವುದು ಬೇರೆ ಮಾತು. "ಪ್ಯಾಸೇಜಿಗೆ ಒಂದು ಉದ್ದನೆ ಲೈಟು ಹಾಕಿಸಿಬಿಡೋಣ. ಎಲ್ಲರಿಗೂ ಆಗುತ್ತೆ."

"ನನಗೆ ಬೇಕಾಗಿರೋದು ಬಣ್ಣ ಕಾಣೋ ಬೆಳಕು ರೀ."

"ಅದೇ ಹೇಳಿದ್ದು. ದೊಡ್ಡ ಬೆಳಕು ಹಾಕಿದರೆ ಬಣ್ಣ ಕಾಣದೆ ಎಲ್ಲಿಗೆ ಹೋಗುತ್ತೆ?"

ಎಲ್ಲರಿಗೂ. ಆ ಮನೆಗೆ ಬಂದ ವಸ್ತುಗಳ ಚರಿತ್ರೆ ಅವಳಿಗೆ ಬಾಯಿಪಾಠ. ಟಿವಿ ತಂದದ್ದು ಎಲ್ಲರಿಗೂ, ಅದರ ಮುಂದೆ ಅವಳು ಕೂತದ್ದು ಕಡಿಮೆ. ಮಿಕ್ಸಿ ತಂದಾಗ ಮಾತ್ರ 'ಇದು ನಿನಗೆ' ಅಂದಿದ್ದರು. ಅದರಲ್ಲಿ ರುಬ್ಬಿದ್ದು ಎಲ್ಲರಿಗೂ.

ಮರುದಿನ ಮಧ್ಯಾಹ್ನ ಅವಳು ಲೈಟಿನ ಅಂಗಡಿಗೆ ಹೊರಟಳು. ನಾನೂ ಬರುತ್ತೇನೆಂದು ಅತ್ತೆ ಚಪ್ಪಲಿ ಮೆಟ್ಟಿ ನಿಂತೇಬಿಟ್ಟರು. "ನನ್ನ ಹೊಸ ಕಣ್ಣಿಗೆ ಖರ್ಚು ಮಾಡಿದ್ದೀರಿ. ಉಪಯೋಗಿಸಿಕೊಳ್ಳಿ."

ರಫೂ ಅಕ್ಕ ಒಂದು ರಟ್ಟಿನ ತುಂಡಿಗೆ ನೂಲುಗಳನ್ನು ಜೋಡಿ ಜೋಡಿಯಾಗಿ ಸುತ್ತಿಕೊಂಡಿದ್ದಳು: ಕಪ್ಪಿನ ಪಕ್ಕ ಕಡುನೀಲಿ, ಕಂದಿನ ಪಕ್ಕ ಕಡುಹಸಿರು, ಬೂದಿಯ ಪಕ್ಕ ಇನ್ನೊಂದು ಬೂದಿ. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದ. ತಲೆಯ ಮೇಲೆ, ಗೋಡೆಯ ಮೇಲೆ, ಗಾಜಿನ ಹಿಂದೆ, ಎಲ್ಲೆಲ್ಲೂ ದೀಪಗಳು.

"ಎಷ್ಟು ವ್ಯಾಟಿಂದು ಬೇಕು ಅಕ್ಕಾ?"

"ವ್ಯಾಟು ಗೊತ್ತಿಲ್ಲ. ಇದರಲ್ಲಿ ಯಾವುದು ಕಪ್ಪು, ಯಾವುದು ನೀಲಿ ಅಂತ ಹೇಳೋ ಲೈಟು ಬೇಕು."

ಅವನು ರಟ್ಟನ್ನು ನೋಡಿದ, ಅವಳನ್ನು ನೋಡಿದ, ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬಲ್ಬನ್ನು ಹಚ್ಚಿದ. ಅತ್ತೆ ಕೈ ಅಡ್ಡ ಹಿಡಿದು, "ಆಪರೇಷನ್ ಟೇಬಲ್ಲಿನ ನೆನಪಾಯ್ತಪ್ಪ, ಆರಿಸು," ಅಂದರು. ರಫೂ ಅಕ್ಕ ರಟ್ಟು ಹಿಡಿದಳು. ನೂಲಿನ ಒಂದೊಂದು ಸಿಕ್ಕೂ ಎದ್ದು ಕಾಣುತ್ತಿತ್ತು. ಆದರೆ ಕಪ್ಪೂ ನೀಲಿಯೂ ಅವಳಿ ಮಕ್ಕಳ ಹಾಗೆ ಒಂದೇ ಮುಖ ಮಾಡಿಕೊಂಡು ನಿಂತಿದ್ದವು.

"ಬೆಳಕು ಜಾಸ್ತಿ ಆಯ್ತು. ಬಣ್ಣ ಜಾಸ್ತಿ ಆಗಲಿಲ್ಲ," ಎಂದಳು.

ಹಳದಿ ಬೆಳಕಿನದು ಹಚ್ಚಿದ. ಕಂದು ಚಂದ ಕಂಡಿತು, ನೀಲಿ ಸತ್ತೇಹೋಯಿತು. ಆಮೇಲೆ ಹೆಸರಿಲ್ಲದ ಪೆಟ್ಟಿಗೆಯಿಂದ ಒಂದು ಅಗ್ಗದ ಬಲ್ಬು. ಇದರಲ್ಲಿ ಪರವಾಗಿಲ್ಲ ಅನ್ನಿಸಿ ಅವಳು ಬೆಲೆ ಕೇಳಬೇಕು ಅನ್ನುವಷ್ಟರಲ್ಲಿ ಅಂಗಡಿಯವನೇ ತಡೆದ. "ನಿಮ್ಮ ಹತ್ತಿರ ಫೋನಿದೆಯಾ? ಕ್ಯಾಮೆರಾ ತೆಗೆದು ಬಲ್ಬಿನ ಕಡೆ ಹಿಡೀರಿ."

ಹಾಸ್ಟೆಲಿನಲ್ಲಿ ಓದುವ ಮಗಳು ಬಿಟ್ಟುಹೋಗಿದ್ದ ಹಳೆಯ ಫೋನನ್ನು ತೆಗೆದು ಹಿಡಿದಳು. ಪರದೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಓಡುತ್ತಿದ್ದವು.

"ನೋಡಿದ್ರಾ? ಇದು ಮಿಟುಕುತ್ತಾ ಇರುತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಆದರೆ ಸುಸ್ತಾಗುತ್ತೆ. ದಿನವೂ ಇದರ ಕೆಳಗೆ ಕೂತು ಸಣ್ಣ ಕೆಲಸ ಮಾಡಿದರೆ ತಲೆನೋವು ಬರುತ್ತೆ."

ರಫೂ ಅಕ್ಕನ ಕೈ ತಾನಾಗಿ ಹಣೆಯ ಬದಿಗೆ ಹೋಗಿ ಬಂತು. ಆ ನೋವು ಹಸಿವಿನದಲ್ಲ, ಮಿಟುಕುವ ಉಪವಾಸದ ಬಲ್ಬಿನದು ಎಂದು ಯಾರಾದರೂ ಹೇಳಬೇಕಿತ್ತು, ಈಗ ಹೇಳಿದರು.

ಅಂಗಡಿಯವನು ಸ್ಟೂಲು ಹತ್ತಿ ಮೇಲಿನ ಅರೆಯಿಂದ ಧೂಳು ಹಿಡಿದ ಪೆಟ್ಟಿಗೆಗಳನ್ನು ಇಳಿಸಿದ. "ಇದನ್ನ ಬಟ್ಟೆ ಅಂಗಡಿಯವರು ಕೇಳ್ತಾರೆ. ಮನೆಯವರು ಕೇಳಲ್ಲ. ಪೆಟ್ಟಿಗೆ ಮೇಲೆ ಸಿಆರ್‌ಐ ಅಂತ ಬರೆದಿರುತ್ತೆ. ಬಣ್ಣ ಇದ್ದ ಹಾಗೆ ತೋರಿಸೋದರಲ್ಲಿ ಈ ಬೆಳಕಿಗೆ ಎಷ್ಟು ಮಾರ್ಕು ಅಂತ. ಮಾಮೂಲಿ ಬಲ್ಬಿಗೆ ಎಂಬತ್ತರ ಹತ್ತಿರ ಇರುತ್ತೆ. ನಿಮ್ಮ ಕೆಲಸಕ್ಕೆ ತೊಂಬತ್ತು ದಾಟಿರಬೇಕು."

"ನೂರಕ್ಕೆ ತೊಂಬತ್ತಾ?" ಅತ್ತೆ ಹುಬ್ಬೇರಿಸಿದರು. "ನಮ್ಮ ಮನೆಯಲ್ಲಿ ಇಷ್ಟು ಯಾರೂ ತೆಗೆದಿಲ್ಲ. ನನ್ನ ಮಗ ಅಂತೂ ಇಲ್ಲವೇ ಇಲ್ಲ."

ಅಂಗಡಿಯವನು ಉಳಿದೆಲ್ಲ ದೀಪಗಳನ್ನು ಆರಿಸಿ ಅದೊಂದನ್ನೇ ಹಚ್ಚಿದ. ಅದು ಉಳಿದವುಗಳಷ್ಟು ಝಗ್ಗೆನ್ನಲಿಲ್ಲ. ರಟ್ಟು ಹಿಡಿದಾಗ ಮಾತ್ರ ನೂಲುಗಳು, ಜಗಳವಾಡಿ ಬೇರೆ ಮನೆ ಮಾಡಿದ ಅಣ್ಣತಮ್ಮಂದಿರ ಹಾಗೆ, ತಂತಮ್ಮ ಜಾಗಕ್ಕೆ ಸರಿದು ನಿಂತವು. ಕಪ್ಪು ಕಪ್ಪಾಯಿತು. ನೀಲಿ ನೀಲಿಯಾಯಿತು. ಎರಡು ಬೂದಿಗಳಲ್ಲಿ ಒಂದರೊಳಗೆ ಸಣ್ಣಗೆ ನೇರಳೆ ಇತ್ತು. ಅಷ್ಟು ವರ್ಷ ಬುಟ್ಟಿಯಲ್ಲಿಟ್ಟುಕೊಂಡೂ ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಎಡಗಣ್ಣು ಮುಚ್ಚಿ ಎಲ್ಲವನ್ನೂ ಸರಿಯಾಗಿ ಹೇಳಿದರು. ಫೋನಿನಲ್ಲಿ ಪಟ್ಟಿಯೂ ಓಡಲಿಲ್ಲ.

"ಇದರಲ್ಲಿ ಎರಡು ಥರ ಇದೆ," ಎಂದ ಅಂಗಡಿಯವನು. "ಒಂದು ಗೋಡೆಗೆ ಹಾಕೋ ಉದ್ದದ್ದು. ಇಡೀ ಪ್ಯಾಸೇಜಿಗೆ ಬೀಳುತ್ತೆ. ಇನ್ನೊಂದು ಹೀಗೆ, ಮೇಜಿನ ಅಂಚಿಗೆ ಕಚ್ಚಿಸೋದು." ಕೀಲುಗಳಿದ್ದ ಒಂದು ತೋಳು, ತುದಿಯಲ್ಲಿ ಟೋಪಿ, ಟೋಪಿಯೊಳಗೆ ಬಲ್ಬು. "ಬೇಕಾದ ಕಡೆ ಬಗ್ಗಿಸಬಹುದು. ಬಲಗೈಯಲ್ಲಿ ಕೆಲಸ ಮಾಡೋರು ಎಡಗಡೆ ಹಾಕಿಕೊಳ್ಳಬೇಕು, ಕೈ ನೆರಳು ಬೀಳಲ್ಲ. ಉದ್ದದ್ದು ಕೆಟ್ಟರೆ ಪೂರ್ತಿ ಬದಲಾಯಿಸಬೇಕು. ಇದರಲ್ಲಿ ಬಲ್ಬು ಒಂದು ಬದಲಾಯಿಸಿದರೆ ಸಾಕು. ಆದರೆ ಇದರ ಬೆಳಕು ಮೇಜು ದಾಟಿ ಹೋಗಲ್ಲ. ಬೆಲೆ ಎರಡೂ ಹೆಚ್ಚುಕಡಿಮೆ ಒಂದೇ."

"ಉದ್ದದ್ದೇ ಸರಿ," ಎಂದರು ಅತ್ತೆ. "ಅಡುಗೆಮನೆಗೂ ಬೀಳುತ್ತೆ. ನಾನೂ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಬಹುದು. ಅವನಿಗೂ ಬೆಳಗ್ಗೆ ಬಂದಾಗ ಚಪ್ಪಲಿ ಸ್ಟ್ಯಾಂಡು ಕಾಣುತ್ತೆ."

"ಮನೆಯಲ್ಲಿ ಕೇಳಿ ಬರ್ತೀನಿ," ಎಂದಳು ರಫೂ ಅಕ್ಕ. ಅಭ್ಯಾಸದಿಂದ ಬಂದ ಮಾತು.

ಮನೆಯಲ್ಲಿ ಕೇಳುವುದೇನಿತ್ತು? ಉತ್ತರ ಮೊದಲೇ ಬಂದಿತ್ತು. ಗಂಡ, "ನಾನೂ ಅದನ್ನೇ ಹೇಳಿದ್ದೆ," ಎಂದು ಖುಷಿಪಟ್ಟ. ದುಡ್ಡು ಅವಳದೇ ಆದರೂ, ಆಯ್ಕೆ ಸರಿಯಾಗಿದ್ದಕ್ಕೆ ಅವನಿಗೆ ಸಮಾಧಾನ. ಮೈದುನ ಭಾನುವಾರ ಬಂದು ಹಾಕಿಕೊಡುತ್ತೇನೆಂದು ಫೋನಿನಲ್ಲೇ ಒಪ್ಪಿಕೊಂಡ.

ಆದರೆ ಕೋಟು ಶನಿವಾರಕ್ಕೆ ಕೊಡಬೇಕು. ಅಲ್ಲಿಯವರೆಗೆ ಹಿಂಬಾಗಿಲ ಬೆಳಕೇ ಗತಿ. ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಅವಳು ಹೊಸ್ತಿಲ ಮೇಲೆ ಕೋಟು ಹರಡಿಕೊಂಡು ಕೂತಳು. ನೂಲಿನ ಬಣ್ಣ ತಕ್ಷಣ ಸಿಕ್ಕಿತು. ಅವಳ ಬುಟ್ಟಿಯಲ್ಲೇ ಇತ್ತು; ಇಷ್ಟು ದಿನ ಅದನ್ನು ಕಪ್ಪು ಎಂದು ಕರೆಯುತ್ತಿದ್ದಳು, ಅಷ್ಟೇ.

ಎಳೆ ಹಾಯಿಸುವುದಕ್ಕೆ ಶುರು ಮಾಡಿದಳು. ಕುಕ್ಕರು ಕೂಗಿತು. ಎದ್ದಳು, ಆರಿಸಿದಳು, ಬಂದು ಕೂತಳು. ಪಕ್ಕದ ಮನೆಯಾಕೆ ಸಂದಿಯಾಚೆಯಿಂದ, "ಏನು, ಇವತ್ತು ಹೊರಗೆ ಕೂತು ಆರಾಮಾಗಿದ್ದೀರಿ!" ಎಂದು ಮಾತಿಗೆಳೆದಳು. ಅತ್ತೆಯ ಕಣ್ಣಿನ ಹನಿಯ ಹೊತ್ತಾಯಿತು. ಎದ್ದಳು. ಗಂಡ ನಿದ್ದೆಗಣ್ಣಿನಲ್ಲಿ ನೀರು ಕೇಳಿದ. ಎದ್ದಳು. ಪ್ರತಿಸಲ ಕೂತಾಗಲೂ ಕೈಯ ಬಿಗಿ ಬೇರೆಯಾಗುತ್ತಿತ್ತು. ಒಂದು ಎಳೆ ಸಡಿಲ, ಮುಂದಿನದು ಬಿಗಿ. ಅವಳು ಬಿಚ್ಚಿದಳು, ಮತ್ತೆ ಹಾಯಿಸಿದಳು. ಅಷ್ಟರಲ್ಲಿ ಬೆಳಕಿನ ಪಟ್ಟಿ ಎದುರು ಗೋಡೆ ಹತ್ತಿ ಹೋಯಿತು. ಮರುದಿನ ಮತ್ತೆ ಅದೇ ಪಟ್ಟಿಗೆ ಕಾದಳು. ಅದರ ಮರುದಿನ ಮೋಡ. ಮೋಡ ಸರಿದ ಗಳಿಗೆಗಳಲ್ಲಿ ಹೇಗೋ ಮುಗಿಸಿದಳು.

ಶನಿವಾರ ಲಾಂಡ್ರಿಯಮ್ಮ ಕೋಟನ್ನು ಬಿಸಿಲಿಗೆ ಹಿಡಿದಳು. ತಿರುಗಿಸಿದಳು. ಕನ್ನಡಕ ಹಾಕಿಕೊಂಡು ಹಿಡಿದಳು. "ತೂತು ಎಲ್ಲಿತ್ತು?"

ರಫೂ ಅಕ್ಕನಿಗೆ ಇದಕ್ಕಿಂತ ಸಿಹಿಯಾದ ಪ್ರಶ್ನೆ ಯಾರೂ ಕೇಳಿರಲಿಲ್ಲ. ಜಾಗ ತೋರಿಸಿದಳು.

"ಭಲೇ. ಬಣ್ಣ ಕೂಡಿದೆ. ಆದರೆ ಒಂದು ಕೋಟಿಗೆ ಇಷ್ಟು ದಿನ ಹಿಡಿದರೆ ಅವರು ಒಪ್ಪಲ್ಲ. ಅವರದು ಬಾಡಿಗೆ ವ್ಯಾಪಾರ, ಕೋಟು ಗೋಡೆಗೆ ನೇತುಹಾಕಿದ್ದರೆ ನಷ್ಟ. ಸೋಮವಾರದಿಂದ ಕಳಿಸ್ತಾರೆ. ಬಂದ ಹಾಗೆ ಮುಗಿಸಿ ಕೊಡೋಕೆ ಆಗುತ್ತಾ? ಈಗಲೇ ಹೇಳು. ಆಮೇಲೆ ಆಗಲ್ಲ ಅಂದರೆ ಇಬ್ಬರಿಗೂ ಮರ್ಯಾದೆ ಇರಲ್ಲ."

"ಆಗುತ್ತೆ," ಎಂದಳು.

ಹೇಳಿಬಿಟ್ಟ ಮೇಲೆ, ಕೂಲಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು, ಅಲ್ಲಿಂದ ನೇರವಾಗಿ ಲೈಟಿನ ಅಂಗಡಿಗೆ ನಡೆದಳು. ಒಬ್ಬಳೇ.

ಅಂಗಡಿಯವನು ನಕ್ಕು, ಎರಡೂ ಪೆಟ್ಟಿಗೆಗಳನ್ನು ಕೌಂಟರಿನ ಮೇಲಿಟ್ಟ. ಅಷ್ಟರಲ್ಲಿ ಫ್ಯಾನು ಕೊಳ್ಳುವವರು ಬಂದರು. "ಒಂದು ನಿಮಿಷ ಅಕ್ಕಾ, ನೋಡ್ತಾ ಇರಿ," ಎಂದು ಅವರ ಕಡೆ ಹೋದ.

ಅವಳು ರಟ್ಟನ್ನು ಎರಡೂ ಬೆಳಕಿನ ಕೆಳಗೆ ಹಿಡಿದು ನೋಡಿದಳು. ಎರಡರಲ್ಲೂ ಕಪ್ಪು ಕಪ್ಪೇ, ನೀಲಿ ನೀಲಿಯೇ. ಇಲ್ಲಿಂದ ಮುಂದಿನದು ಬಣ್ಣದ ಪ್ರಶ್ನೆಯಲ್ಲ.

ಉದ್ದದ್ದನ್ನು ಹಚ್ಚಿದ ಬೆಳಗನ್ನು ಊಹಿಸಿಕೊಂಡಳು. ಗುಂಡಿ ಒತ್ತಿದ ಕೂಡಲೇ ಇಡೀ ಪ್ಯಾಸೇಜು ಎಚ್ಚರ. ಅಡುಗೆಮನೆಯ ಕಟ್ಟೆಯ ಮೇಲೆ ನೀರು ಚೆಲ್ಲಿದ್ದು ಕಾಣುತ್ತದೆ, ಒರೆಸದೆ ಇರಲಾಗುವುದಿಲ್ಲ. ಬಾಗಿಲ ಸಂದಿಯಿಂದ ಬೆಳಕು ಹೋಗಿ, ಹನಿ ಹಾಕಿಸಿಕೊಂಡು ಮತ್ತೆ ಮಲಗಿದ ಅತ್ತೆಯ ಹೊಸ ಕಣ್ಣನ್ನು ಎಬ್ಬಿಸುತ್ತದೆ. ಅವರು ಪಕ್ಕದಲ್ಲಿ ಬಂದು ಕೂರುತ್ತಾರೆ, ಒಳ್ಳೆಯ ಮಾತೇ ಆಡುತ್ತಾರೆ, ಮಾತಿನ ಮಧ್ಯೆ ಒಂದು ಲೋಟ ಬಿಸಿನೀರು ಕೇಳುತ್ತಾರೆ. ಗಂಡ ಬರುತ್ತಾನೆ, ಬೆಳಕಿದೆ ಅಂದರೆ ಅವಳಿಗೆ ಬಿಡುವಿದೆ ಅಂದುಕೊಳ್ಳುತ್ತಾನೆ. ಯಾರೂ ಕೆಟ್ಟವರಲ್ಲ. ಹಿಂಬಾಗಿಲಲ್ಲಿ ಕೂತ ದಿನಗಳಲ್ಲಿ ಕೂಡ ಯಾರೂ ಕೆಟ್ಟದ್ದು ಮಾಡಿರಲಿಲ್ಲ. ಎಲ್ಲರ ಬೆಳಕಿನಲ್ಲಿ ಅವಳು ಎಲ್ಲರಿಗೂ ಕಾಣುತ್ತಿದ್ದಳು, ಅಷ್ಟೇ.

ಇನ್ನೊಂದನ್ನು ಹಚ್ಚಿದಳು. ತೋಳನ್ನು ಬಗ್ಗಿಸಿದಳು. ಕೌಂಟರಿನ ಮೇಲೆ ಒಂದು ಮೊರದಗಲದ ಬೆಳಕು ಬಿತ್ತು. ಅದರೊಳಗೆ ಅವಳ ಎರಡು ಕೈ, ಒಂದು ರಟ್ಟು. ಅದರಾಚೆ ಫ್ಯಾನಿನವರು, ಅಂಗಡಿಯವನು, ಬೀದಿ, ಎಲ್ಲ ಇದ್ದರು. ಆದರೆ ಆಚೆ ಇದ್ದರು.

ಮನೆಯಲ್ಲಿ ಕೇಳುತ್ತಾರೆ. ಉದ್ದದ್ದು ಯಾಕೆ ತರಲಿಲ್ಲ? ನಮಗ್ಯಾರಿಗೂ ಬೆಳಕು ಬೇಡವೇ? ಮೈದುನನಿಗೆ ಭಾನುವಾರ ಬರಬೇಡವೆಂದು ಹೇಳಬೇಕು. ಮೇಜಿನ ಅಂಚಿಗೆ ಕಚ್ಚಿಸುವುದಕ್ಕೆ ಅವನೂ ಬೇಡ, ಏಣಿಯೂ ಬೇಡ. ಅತ್ತೆ ಮೂಗು ಮುರಿಯುತ್ತಾರೆ. ಮುರಿಯಲಿ. ಅವರಿಗೆ ಬೇಕಾದರೆ ಮುಂದಿನ ತಿಂಗಳ ಕೂಲಿಯಲ್ಲಿ ಬೇರೆ ದೀಪ ತರಬಹುದು. ಆ ಕೂಲಿ ಬರಬೇಕಾದರೆ ಇದು ಮೊದಲು.

"ನೋಡಿದ್ರಾ ಅಕ್ಕಾ? ಯಾವುದು ಕಟ್ಟಲಿ?" ಅಂಗಡಿಯವನು ಆಚೆಯಿಂದ ಕೂಗಿ ಕೇಳಿದ.

ಅವಳು ಉದ್ದನೆಯ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಎರಡೂ ಕೈಯಿಂದ ಅವನ ಕಡೆಗೆ ವಾಪಸ್ಸು ತಳ್ಳಿ, ಬಗ್ಗುವ ತೋಳಿನ ದೀಪವನ್ನು ತನ್ನ ಕಡೆಗೆ ಎಳೆದುಕೊಂಡಳು.